ಹಾವಿಗೆ ‘ಊಟ ಆಯ್ತಾ?’ ಎಂದು ಕೇಳಬೇಡಿ

ಊರು ಬಿಟ್ಟು ಬಂದ ನಮ್ಮಂಥವರಿಗೆ ದಿನಕ್ಕೊಮ್ಮೆಯಾದರೂ ಬರುವ ಪ್ರಶ್ನೆ ಒಂದಿದೆ. ‘ಊಟ ಆಯ್ತಾ?’ ಅಮ್ಮ ಕೇಳುತ್ತಾಳೆ, ಅಕ್ಕ ಕೇಳುತ್ತಾಳೆ. ಜಮೀನಿನ ಕಾಗದದ ವಿಷಯ ಮಾತಾಡಲು ಫೋನ್ ಮಾಡಿದ ಚಿಕ್ಕಪ್ಪನೂ ಮೊದಲು ಇದನ್ನೇ ಕೇಳುತ್ತಾರೆ. ಆಯ್ತು ಎಂದರೆ ಅವರಿಗೆ ಸಮಾಧಾನ, ಇಲ್ಲ ಎಂದರೆ ಅವರಿಗೇ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಉಣ್ಣಿಸುವುದೇ ಪ್ರೀತಿ ಎಂದು ಕಲಿತು ಬೆಳೆದವರು ನಾವು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ಪ್ರೀತಿಯನ್ನು ಹಾವಿನ ಮೇಲೆ ಪ್ರಯೋಗ ಮಾಡಬೇಡಿ ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ನಾನು ಮಾಡಿ ಕೆಟ್ಟವನು, ಹಾಗಾಗಿ ಹೇಳುವ ಹಕ್ಕು ಸ್ವಲ್ಪ ಇದೆ ಎಂದುಕೊಂಡಿದ್ದೇನೆ.

ಹಾವು ಸಾಕುವುದು ಈಗ ನಮ್ಮ ನಗರಗಳಲ್ಲಿ ವಿಚಿತ್ರ ಸಂಗತಿಯಾಗಿ ಉಳಿದಿಲ್ಲ. ಪುಣೆ, ಮುಂಬೈ, ಹೈದರಾಬಾದ್, ಚೆನ್ನೈ ಎಲ್ಲೇ ನೋಡಿ, ಐಟಿ ಕೆಲಸದ ಹುಡುಗ ಹುಡುಗಿಯರ ಫ್ಲ್ಯಾಟುಗಳಲ್ಲಿ ಬಾಲ್ ಪೈಥಾನ್ ಎಂಬ ಪುಟ್ಟ ಆಫ್ರಿಕನ್ ಹೆಬ್ಬಾವು ಬಂದು ಕೂತಿರುತ್ತದೆ. ನಾಯಿ ಸಾಕಲು ಹೊತ್ತಿಲ್ಲ, ಮನೆ ಮಾಲೀಕರು ಬಿಡುವುದಿಲ್ಲ, ಬೊಗಳಿದರೆ ಸೊಸೈಟಿಯವರು ಜಗಳಕ್ಕೆ ಬರುತ್ತಾರೆ. ಹಾವು ಬೊಗಳುವುದಿಲ್ಲ, ವಾಕಿಂಗ್ ಕೇಳುವುದಿಲ್ಲ, ವಾರಕ್ಕೊಂದು ಇಲಿ ಸಾಕು. ಮಾರುವವರು ಹೇಳುವ ಮಾತೇ ಇದು: ‘ಬಿಗಿನರ್ ಪೆಟ್.’ ಕಲಿಯುವವರ ಪ್ರಾಣಿ. ನಾವು ಕಲಿಯುವವರೆಗೆ ಅದರ ಗತಿ ಏನು ಎಂದು ಯಾರೂ ಕೇಳುವುದಿಲ್ಲ.

ನನ್ನ ರೂಮಿನಲ್ಲಿರುವ ಧಾರವಾಡ ಕಡೆಯ ಹುಡುಗ ಹೀಗೇ ಒಂದು ಡಿಸೆಂಬರ್ ಶನಿವಾರ ಗಾಳಿಗೆ ತೂತು ಹಾಕಿದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಹಿಡಿದುಕೊಂಡು ಬಂದ. ಒಳಗೆ ಕಂದು ಮೈಯ ಮೇಲೆ ಜೇನುಬಣ್ಣದ ಮಚ್ಚೆಗಳಿದ್ದ, ನನ್ನ ಮುಷ್ಟಿಯಷ್ಟು ಗಾತ್ರಕ್ಕೆ ಸುತ್ತಿಕೊಂಡ ಹಾವು. ತಲೆ ಸುರುಳಿಯ ನಡುವೆ ಎಲ್ಲೋ ಇತ್ತು. ‘ಎಷ್ಟ್ ಶಾಂತ ಐತಿ ನೋಡ್ರಿ ಅಣ್ಣಾ’ ಎಂದ. ಬಾಲ್ ಪೈಥಾನಿಗೆ ಆ ಹೆಸರು ಬಂದಿರುವುದೇ ಹೆದರಿದಾಗ ಚೆಂಡಿನಂತೆ ಸುತ್ತಿಕೊಂಡು ತಲೆ ಅಡಗಿಸುವುದರಿಂದ ಎಂದು ನನಗಾಗಲೀ ಅವನಿಗಾಗಲೀ ಗೊತ್ತಿರಲಿಲ್ಲ. ಹೆದರಿಕೆಯನ್ನು ನಾವು ಶಾಂತಿ ಎಂದು ಓದಿದೆವು. ಮುಂದಿನ ತಪ್ಪುಗಳೆಲ್ಲ ಈ ಮೊದಲ ತಪ್ಪಿನ ಮಕ್ಕಳು.

ಹಾಲಿನಲ್ಲಿ ಟಿವಿ ಪಕ್ಕ ಗಾಜಿನ ತೊಟ್ಟಿ ಇಟ್ಟೆವು. ನಾಲ್ಕೂ ಕಡೆ ಗಾಜು. ಅಡಗಲು ಏನೂ ಇಡಲಿಲ್ಲ, ಯಾಕೆಂದರೆ ದುಡ್ಡು ಕೊಟ್ಟು ತಂದದ್ದು ಕಾಣಬೇಕಲ್ಲ! ಮೇಲೊಂದು ಬಲ್ಬು. ಭಾನುವಾರ ಆಫೀಸಿನ ಗೆಳೆಯರು ಬಂದರು, ಒಬ್ಬೊಬ್ಬರೂ ಕೊರಳಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಅಂದು ರಾತ್ರಿ ಹುಡುಗ ಒಂದು ಜೀವಂತ ಬಿಳಿ ಇಲಿ ತಂದು ತೊಟ್ಟಿಗೆ ಬಿಟ್ಟ. ಹಾವು ಕದಲಲಿಲ್ಲ. ಇಲಿ ಹಾವಿನ ಮೈಮೇಲೆಯೇ ಓಡಾಡಿತು.

‘ಏನೂ ತಿನ್ನವಲ್ದು ನೋಡ್ರಿ.’

‘ರಾತ್ರಿಯಿಡೀ ಬಿಟ್ಟಿರು. ಹಸಿವಾದಾಗ ತಾನೇ ತಿನ್ನುತ್ತೆ’ ಎಂದವನು ನಾನು.

ಬೆಳಿಗ್ಗೆ ನೋಡಿದರೆ ಇಲಿ ಆರೋಗ್ಯವಾಗಿತ್ತು. ಹಾವಿನ ಬೆನ್ನ ಮೇಲೆ ಎರಡು ಕಡೆ ಕಚ್ಚಿದ ಗಾಯ. ಹಸಿದದ್ದು ಇಲಿ, ತಿಂದದ್ದು ಹಾವನ್ನು. ಹೆದರಿದ ಹಾವು ಎದುರಿಗಿರುವ ಇಲಿಯನ್ನು ಬೇಟೆ ಎಂದು ಕಾಣುವುದಿಲ್ಲ, ಓಡಿಹೋಗಲೂ ಗಾಜಿನ ತೊಟ್ಟಿಯಲ್ಲಿ ಜಾಗವಿಲ್ಲ. ಜೀವಂತ ಇಲಿಯನ್ನು ಹಾವಿನೊಂದಿಗೆ ಬಿಟ್ಟು ಮಲಗಬಾರದು ಎಂಬುದು ಹಾವು ಸಾಕುವವರ ಮೊದಲ ಪಾಠ. ನಾನು ಅದನ್ನು ಕೊನೆಯಲ್ಲಿ ಕಲಿತೆ.

ಮುಂದಿನ ಹತ್ತು ದಿನ ನಮ್ಮ ಮನೆಯಲ್ಲಿ ನಡೆದದ್ದು ಒಂದು ತರಹದ ಸೂತಕ. ಎರಡು ದಿನಕ್ಕೊಮ್ಮೆ ಇಲಿ, ದಿನಕ್ಕೆ ನಾಲ್ಕು ಸಲ ಇಣುಕುವುದು, ಮುಟ್ಟುವುದು, ಜೀವ ಇದೆಯೋ ಎಂದು ತಿವಿದು ನೋಡುವುದು. ಹುಡುಗ ತಾನೂ ಸರಿಯಾಗಿ ಉಣ್ಣುತ್ತಿರಲಿಲ್ಲ. ಮಾರಿದವನಿಗೆ ಫೋನ್ ಮಾಡಿದರೆ ಅವನು ಸಲೀಸಾಗಿ ಹೇಳಿದ: ಎಟಿಎಂ ಕಾರ್ಡಿನಂಥ ತೆಳುವಾದ ಏನನ್ನಾದರೂ ತೂರಿಸಿ ಬಾಯಿ ತೆರೆಸಿ, ಸತ್ತ ಸಣ್ಣ ಇಲಿಯನ್ನು ಒಳಗೆ ತಳ್ಳಿ, ಒಮ್ಮೆ ರುಚಿ ಹತ್ತಿದರೆ ಆಮೇಲೆ ತಾನೇ ತಿನ್ನುತ್ತದೆ. ಹನ್ನೆರಡನೆಯ ದಿನ ಅದನ್ನೂ ಮಾಡಿದೆವು. ಮೈ ಹಿಡಿದುಕೊಂಡವನು ನಾನು. ಒಂದು ಹಾವು ಹೆಬ್ಬೆರಳಿನ ಕೆಳಗೆ ಬಿಗಿದು, ಸಡಿಲಾಗಿ, ಮತ್ತೆ ಬಿಗಿದದ್ದು ನನ್ನ ಕೈಗೆ ಈಗಲೂ ನೆನಪಿದೆ. ಇಲಿ ಒಳಗೆ ಹೋಯಿತು. ನಾವಿಬ್ಬರೂ ಕೈ ತೊಳೆದು, ಖುಷಿಯಾಗಿ ಬಿರಿಯಾನಿ, ಪುಲಾವು ತರಿಸಿಕೊಂಡು ಉಂಡೆವು. ಎರಡು ದಿನದ ನಂತರ ಮನೆಯೆಲ್ಲ ನಾತ. ಅರ್ಧ ಕೊಳೆತ ಇಲಿಯನ್ನು ಹಾವು ಕಕ್ಕಿತ್ತು.

ಇಲ್ಲಿ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತೇನೆ. ಆ ಹನ್ನೆರಡು ದಿನ ಉಪವಾಸದಿಂದ ಕಷ್ಟಪಟ್ಟವರು ಯಾರು? ಹಾವೋ ನಾವೋ?

ಹಾವಿನ ಮೈ ನಮ್ಮ ಮೈಯಂತಲ್ಲ. ನಾವು ಉಂಡದ್ದರಲ್ಲಿ ಬಹುಪಾಲು ಮೈ ಬೆಚ್ಚಗಿಡಲಿಕ್ಕೇ ಖರ್ಚಾಗುತ್ತದೆ. ಹಾವು ಬಿಸಿಯನ್ನು ಹೊರಗಿನಿಂದ ಪಡೆಯುತ್ತದೆ, ಬಿಸಿಲಿಂದ, ಕಾದ ನೆಲದಿಂದ. ಹಾಗಾಗಿ ಅದರ ಖರ್ಚು ಕಡಿಮೆ. ಬೆಳೆದ ಬಾಲ್ ಪೈಥಾನ್ ತಿಂಗಳುಗಟ್ಟಲೆ ಏನೂ ತಿನ್ನದೆ ಆರೋಗ್ಯವಾಗಿರಬಲ್ಲದು. ಚಳಿಗಾಲದಲ್ಲಿ, ಕೂಡುವ ಕಾಲದಲ್ಲಿ, ಪೊರೆ ಬಿಡುವ ಮುಂಚೆ ಕಣ್ಣು ಮಂಜಾಗಿರುವಾಗ ಅದು ಊಟ ಬಿಡುವುದು ಸಹಜ. ಇನ್ನೊಂದು ಮಾತು: ಅದಕ್ಕೆ ಬಿಸಿ ಬೇಕಿರುವುದು ಸುಖಕ್ಕಲ್ಲ, ಅರಗಿಸಿಕೊಳ್ಳಲು. ಮೈ ತಣ್ಣಗಿದ್ದರೆ ಹೊಟ್ಟೆಯೊಳಗಿನ ಇಲಿ ಅರಗುವ ಬದಲು ಕೊಳೆಯುತ್ತದೆ. ಡಿಸೆಂಬರಿನ ಪುಣೆಯ ಚಳಿ ಗೊತ್ತಿದ್ದವರಿಗೆ ನಮ್ಮ ಹಾಲಿನ ಗಾಜಿನ ತೊಟ್ಟಿ ರಾತ್ರಿ ಹೇಗಿತ್ತು ಎಂದು ಬೇರೆ ಹೇಳಬೇಕಿಲ್ಲ. ಮಲಗುವ ಮುಂಚೆ ನಾವು ಬಲ್ಬು ಆರಿಸುತ್ತಿದ್ದೆವು, ಕರೆಂಟು ಬಿಲ್ಲು ನೋಡಿ.

ಅಂದರೆ ಅರಗಿಸಿಕೊಳ್ಳಲಾರದ ಜಾಗದಲ್ಲಿ ಕೂತಿದ್ದ ಹಾವು ‘ಬೇಡ’ ಎಂದಿತ್ತು. ಅದು ಹಟವಲ್ಲ, ರೋಗವಲ್ಲ, ತಿಳಿವಳಿಕೆ. ಆ ಮನೆಯಲ್ಲಿ ಅದೊಂದಕ್ಕೇ ಇದ್ದ ತಿಳಿವಳಿಕೆ. ನಾವು ಅದರ ಬಾಯಿಗೆ ಕಾರ್ಡು ತೂರಿಸಿದೆವು.

ಹೊಸದಾಗಿ ತಂದ ಹಾವು ತಿನ್ನುತ್ತಿಲ್ಲ ಎಂದು ಗೋಳಾಡುವವರಿಗೆ ನನ್ನ ಮೊದಲ ಮಾತು ಇದೇ. ಅದು ತಿನ್ನದಿರುವುದು ಸಮಸ್ಯೆಯಲ್ಲ, ಉತ್ತರ. ನೀವು ಕೊಟ್ಟ ಮನೆ ಹೇಗಿದೆ ಎಂಬ ಪ್ರಶ್ನೆಗೆ ಅದು ಕೊಡುತ್ತಿರುವ ಉತ್ತರ. ಉತ್ತರ ಹಿಡಿಸಲಿಲ್ಲ ಎಂದು ಉತ್ತರ ಕೊಟ್ಟವನ ಬಾಯಿಗೆ ತುರುಕುವುದು ಯಾವ ನ್ಯಾಯ?

ಇದು ಫ್ಲ್ಯಾಟು ಹುಡುಗರ ಹೊಸ ಹುಚ್ಚು, ನಮ್ಮ ಹಿರಿಯರು ಹಾವಿನ ಜತೆ ಚೆನ್ನಾಗಿ ಬಾಳಿದವರು ಎಂದು ಯಾರಾದರೂ ಹೇಳಲು ಬಾಯಿ ತೆರೆಯುತ್ತಿದ್ದರೆ ಸ್ವಲ್ಪ ತಡೆಯಿರಿ. ಹಾವಿಗೆ ಬಲವಂತವಾಗಿ ಉಣ್ಣಿಸುವುದನ್ನು ಹಬ್ಬ ಮಾಡಿಕೊಂಡವರು ನಾವು. ನಾಗರಪಂಚಮಿಗೆ ಹಾವಾಡಿಗ ಬುಟ್ಟಿ ತಂದು ಅಂಗಳದಲ್ಲಿ ತೆರೆಯುತ್ತಾನೆ, ನಾಗರಹಾವು ಬಟ್ಟಲಿನ ಹಾಲು ಕುಡಿಯುತ್ತದೆ, ನಾವು ಕೈ ಮುಗಿಯುತ್ತೇವೆ. ಹಾಲು ಹಾವಿನ ಆಹಾರವಲ್ಲ. ಹಬ್ಬಕ್ಕೆ ಮುಂಚೆ ಎಷ್ಟೋ ದಿನ ನೀರು ಕೊಡದೆ ಒಣಗಿಸಿದ ಹಾವು ಬಾಯಾರಿಕೆಗೆ ಏನು ಕೊಟ್ಟರೂ ಕುಡಿಯುತ್ತದೆ. ಆ ಹಾಲು ಅದಕ್ಕೆ ಅರಗುವುದಿಲ್ಲ, ಶ್ವಾಸಕೋಶಕ್ಕೂ ಹೋಗುತ್ತದೆ. ಹಲ್ಲು ಕಿತ್ತಿರುತ್ತಾರೆ, ಕೆಲವೊಮ್ಮೆ ಬಾಯಿ ಹೊಲಿದಿರುತ್ತಾರೆ. ಹಬ್ಬ ಮುಗಿದ ಮೇಲೆ ಅಂಥ ಹಾವುಗಳು ಬದುಕುವುದು ಅಪರೂಪ. ಪುಣೆಯಲ್ಲಿರುವವರಿಗೆ ಸಾಂಗಲಿ ಜಿಲ್ಲೆಯ ಬತ್ತೀಸ್ ಶಿರಾಳ ಗೊತ್ತಿರುತ್ತದೆ. ಅಲ್ಲಿ ನಾಗರಪಂಚಮಿಗೆ ಜೀವಂತ ನಾಗರಹಾವು ಹಿಡಿದು ಪೂಜಿಸಿ ಮೆರವಣಿಗೆ ಮಾಡುತ್ತಿದ್ದುದಕ್ಕೆ ಬಾಂಬೆ ಹೈಕೋರ್ಟು ತಡೆ ಹಾಕಬೇಕಾಯಿತು. ಭಕ್ತಿಗೂ ಕೋರ್ಟಿನ ಆದೇಶ ಬೇಕಾಗುತ್ತದೆ.

ಕಲ್ಲಿನ ನಾಗರಕ್ಕೆ ಒಂದು ನ್ಯಾಯ, ಜೀವಂತ ನಾಗರಕ್ಕೆ ಇನ್ನೊಂದು ನ್ಯಾಯ ಮಾಡುವ ನಮ್ಮ ಬುದ್ಧಿಯನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲೇ ಹಿಡಿದು ತೋರಿಸಿದ್ದರು. ಆಗ ಎರಡು ತರಹದ ಹಾವುಗಳಿದ್ದವು. ಈಗ ಮೂರನೆಯದು ಬಂದಿದೆ, ಡಬ್ಬಿಯಲ್ಲಿ ಬರುವ ಹಾವು. ಇದನ್ನು ಪೂಜಿಸುವುದೂ ಇಲ್ಲ, ಕೊಲ್ಲುವುದೂ ಇಲ್ಲ. ಪ್ರೀತಿಸುತ್ತೇವೆ. ಪ್ರೀತಿಗೆ ಪುರಾವೆಯಾಗಿ ಅದು ನಮ್ಮ ಕಣ್ಣೆದುರು ಉಣ್ಣಬೇಕು. ಹಾಲು ಹಿಡಿದು ನಿಂತ ಭಕ್ತನಿಗೂ ಇಕ್ಕಳದಲ್ಲಿ ಇಲಿ ಹಿಡಿದು ನಿಂತ ಸಾಫ್ಟ್‌ವೇರ್ ಇಂಜಿನಿಯರಿಗೂ ಬೇಕಾಗಿರುವುದು ಒಂದೇ: ‘ನನ್ನ ಕೈಯಿಂದ ತಗೊಂಡಿತು’ ಎಂಬ ತೃಪ್ತಿ. ಹಾವಿನ ಹೊಟ್ಟೆಯ ಚಿಂತೆ ಇಬ್ಬರಿಗೂ ಆಮೇಲೆ.

ನಮ್ಮೂರು ಶಿರಸಿಯ ಕಡೆ. ಬಚ್ಚಲಿನ ಕಟ್ಟಿಗೆ ರಾಶಿಯಲ್ಲಿ ಒಂದು ಕೇರೆಹಾವು ವರ್ಷಗಟ್ಟಲೆ ಇತ್ತು. ತೋಟದಲ್ಲಿ ಇಲಿ ಹಿಡಿಯುತ್ತಿತ್ತು, ಮಳೆಗಾಲದಲ್ಲಿ ಕಪ್ಪೆ. ಯಾರೂ ಅದಕ್ಕೆ ಏನೂ ಹಾಕಲಿಲ್ಲ, ಯಾರೂ ಅದನ್ನು ಮುಟ್ಟಲಿಲ್ಲ, ಹೆಸರಿಡಲಿಲ್ಲ. ಕಟ್ಟಿಗೆ ತೆಗೆಯುವ ಮುಂಚೆ ಅಜ್ಜಿ ಕೋಲಿನಿಂದ ನೆಲಕ್ಕೆ ಎರಡು ಸಲ ಬಡಿಯುತ್ತಿದ್ದಳು, ಅದು ಸರಿದುಕೊಳ್ಳಲಿ ಎಂದು. ಹಾವಿನ ಜತೆ ಬಾಳುವುದು ಎಂದರೆ ಅಷ್ಟೇ. ಪುಣೆಯ ಹಾವಿನ ಕಥೆಯನ್ನು ಫೋನಿನಲ್ಲಿ ಹೇಳಿದಾಗ ಅಮ್ಮ ಒಂದು ನಿಮಿಷ ಸುಮ್ಮನಿದ್ದು, ‘ಅದು ನಿಮ್ಮನ್ನ ಕೇಳಿ ಬಂದಿತ್ತಾ?’ ಎಂದಳು. ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ಕಕ್ಕಿದ ಮರುದಿನ ಹಾವನ್ನು ಸರೀಸೃಪಗಳ ಬಗ್ಗೆ ತಿಳಿದ ಒಬ್ಬ ಪಶುವೈದ್ಯೆಯ ಹತ್ತಿರ ಒಯ್ದೆವು. ಆಕೆ ಗಾಯ ನೋಡಿ ಮುಲಾಮು ಕೊಟ್ಟರು, ಬಾಯಿ ಪರೀಕ್ಷಿಸಿದರು, ತೂಕ ಮಾಡಿದರು. 310 ಗ್ರಾಂ. ಆಮೇಲೆ ಕೊಟ್ಟ ಔಷಧ ನಮಗೆ ನುಂಗಲು ಕಷ್ಟವಾಯಿತು: ‘ಎರಡು ವಾರ ಊಟ ಕೊಡಬೇಡಿ. ಮುಲಾಮಿಗೆ, ನೀರು ಬದಲಿಸುವುದಕ್ಕೆ ಬಿಟ್ಟರೆ ಮುಟ್ಟಬೇಡಿ. ನೋಡಲೂ ಬೇಡಿ.’ ಹುಡುಗ ಅಳುವ ಹಾಗಿದ್ದ. ‘ಸತ್ತರ?’ ಎಂದ. ‘ಹಸಿವಿನಿಂದ ಸಾಯುವುದಕ್ಕಿಂತ ಮುಂಚೆ ಇದು ನಿಮ್ಮಿಂದ ಸಾಯುತ್ತದೆ’ ಎಂದರು ಆಕೆ. ಅಂಥ ಕಠಿಣ ಮಾತನ್ನು ಮಾರುವವನು ಹೇಳಿದ್ದರೆ ನಾವು ಡಬ್ಬಿ ಮನೆಗೆ ತರುತ್ತಿರಲಿಲ್ಲ, ಹಾಗಾಗಿಯೇ ಅವನು ಹೇಳಲಿಲ್ಲ.

ಬಾಲ್ ಪೈಥಾನಿನ ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾ. ಘಾನಾ, ಟೋಗೊ, ಬೆನಿನ್ ಮೊದಲಾದ ದೇಶಗಳ ಹುಲ್ಲುಗಾವಲು, ಕುರುಚಲು ಕಾಡು. ಹಗಲೆಲ್ಲ ಅದು ಇಲಿಬಿಲಗಳಲ್ಲಿ, ಗೆದ್ದಲಿನ ಹುತ್ತಗಳಲ್ಲಿ ಸೇರಿಕೊಂಡಿರುತ್ತದೆ. ಹೌದು, ಹುತ್ತ. ಹಾವಿನ ಮನೆ ಹುತ್ತ ಎಂದು ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತಿರುವ ನಾಡಿನಿಂದ ಬಂದ ನಾವಿಬ್ಬರು, ಹುತ್ತದ ಹಾವನ್ನು ಟ್ಯೂಬ್‌ಲೈಟಿನ ಕೆಳಗೆ ಗಾಜಿನೊಳಗೆ ಇಟ್ಟಿದ್ದೆವು. ಕತ್ತಲು, ಇಕ್ಕಟ್ಟು, ಬಿಸಿ, ಸ್ವಲ್ಪ ತೇವ: ಹುತ್ತದಲ್ಲಿರುವುದು ಇಷ್ಟು. ಸುರುಳಿ ಸುತ್ತಿಕೊಂಡಾಗ ಮೈ ನಾಲ್ಕೂ ಕಡೆ ಗೋಡೆಗೆ ತಾಗಬೇಕು, ಆಗಲೇ ಅದಕ್ಕೆ ಧೈರ್ಯ.

ಚೆನ್ನೈಯಲ್ಲಿರುವವರು ಬಿಡುವಾದಾಗ ಮಹಾಬಲಿಪುರದ ದಾರಿಯಲ್ಲಿ ವಡನೆಮ್ಮೇಲಿಗೆ ಹೋಗಿ ನೋಡಿ. ಇರುಳ ಸಮುದಾಯದ ಹಾವು ಹಿಡಿಯುವವರ ಸಹಕಾರ ಸಂಘ 1978ರಲ್ಲಿ ಶುರುವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹಾವಿನ ಚರ್ಮದ ವ್ಯಾಪಾರ ನಿಂತು ಹೊಟ್ಟೆಪಾಡು ಹೋದವರು ಇವರು. ಈಗ ಪರವಾನಗಿ ಪಡೆದು ಹಾವು ಹಿಡಿಯುತ್ತಾರೆ, ವಿಷ ತೆಗೆಯುತ್ತಾರೆ, ಕೆಲವು ವಾರಗಳ ನಂತರ ಮತ್ತೆ ಕಾಡಿಗೆ ಬಿಡುತ್ತಾರೆ. ಹಾವು ಕಚ್ಚಿದವರಿಗೆ ಕೊಡುವ ಔಷಧಕ್ಕೆ ಬೇಕಾದ ವಿಷ ಇಲ್ಲಿಂದ ಹೋಗುತ್ತದೆ. ಅಲ್ಲಿಯವರೆಗೆ ಹಾವನ್ನು ಇಡುವುದು ಎಲ್ಲಿ ಗೊತ್ತೇ? ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಮಡಕೆಯಲ್ಲಿ. ತಲೆಮಾರುಗಳಿಂದ ಹಾವು ಬಲ್ಲವರು ಆರಿಸಿಕೊಂಡದ್ದು ಮಡಕೆಯ ಕತ್ತಲನ್ನು. ಗಾಜು ನೋಡುವವರಿಗಾಗಿ ಇರುವುದು, ಹಾವಿಗಾಗಿ ಅಲ್ಲ.

ನಾವು ತೊಟ್ಟಿಯನ್ನು ಹಾಲಿನಿಂದ ಒಳಕೋಣೆಯ ಮೂಲೆಗೆ ಸಾಗಿಸಿದೆವು. ಮೂರು ಕಡೆ ಗಾಜಿಗೆ ಪೇಪರ್ ಅಂಟಿಸಿದೆವು. ಒಂದೇ ಅಳತೆಯ ಎರಡು ಮಣ್ಣಿನ ಕುಂಡ ತಂದು, ಅಂಚಿನಲ್ಲಿ ಹಾವು ನುಗ್ಗುವಷ್ಟು ಒಡೆದು, ಉಜ್ಜಿ ನಯ ಮಾಡಿ, ಬೋರಲು ಹಾಕಿದೆವು. ಒಂದು ಬಿಸಿ ತುದಿಯಲ್ಲಿ, ಒಂದು ತಂಪು ತುದಿಯಲ್ಲಿ. ಅಡಗುವುದು ಬೇಕೋ ಬಿಸಿ ಬೇಕೋ ಎಂಬ ಆಯ್ಕೆ ಅದರ ಮುಂದೆ ಬರಬಾರದು, ಎರಡು ಕಡೆಯೂ ಅಡಗುವಂತಿರಬೇಕು. ತೊಟ್ಟಿಯ ಕೆಳಗೆ ಹೀಟ್ ಮ್ಯಾಟ್, ಅದಕ್ಕೆ ಥರ್ಮೋಸ್ಟ್ಯಾಟ್. ಬಿಸಿ ತುದಿ 32 ಡಿಗ್ರಿಯ ಆಸುಪಾಸು, ತಂಪು ತುದಿ 26. ಹಗಲೂ ರಾತ್ರಿ. ಮೈ ಮುಳುಗಿಸಬಹುದಾದಷ್ಟು ದೊಡ್ಡ ನೀರಿನ ಬಟ್ಟಲು. ಆಮೇಲೆ ಬಾಗಿಲು ಹಾಕಿಕೊಂಡು ಹೊರಗೆ ಬಂದೆವು.

ಆ ಎರಡು ವಾರ ಹುಡುಗನಿಗೆ ಮಾಡಲು ಏನೂ ಇರಲಿಲ್ಲ. ಅದೇ ಅವನಿಗೆ ಕಷ್ಟವಾದದ್ದು. ನಮ್ಮ ಪೀಳಿಗೆಗೆ ಏನಾದರೂ ಮಾಡುತ್ತಿದ್ದರೆ ಜವಾಬ್ದಾರಿ ನಿಭಾಯಿಸಿದಂತೆ. ಸುಮ್ಮನಿರುವುದೂ ಒಂದು ಕೆಲಸ ಎಂದು ನಮಗೆ ಯಾವ ಮ್ಯಾನೇಜರೂ ಹೇಳಿಕೊಟ್ಟಿಲ್ಲ.

ಜನವರಿಯಲ್ಲಿ ಎರಡು ಸಲ, ವಾರಕ್ಕೂ ಹೆಚ್ಚು ಅಂತರ ಬಿಟ್ಟು, ಮೊದಲೇ ಸತ್ತ ಸಣ್ಣ ಇಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಕೊಟ್ಟೆವು. ಬೆಚ್ಚಗೆ ಯಾಕೆಂದರೆ ಈ ಹೆಬ್ಬಾವಿನ ತುಟಿಯ ಅಂಚಿನಲ್ಲಿ ಸಾಲಾಗಿ ಸಣ್ಣ ಕುಳಿಗಳಿರುತ್ತವೆ, ಕತ್ತಲಲ್ಲಿ ಬೇಟೆಯ ಮೈಬಿಸಿಯನ್ನು ಅದು ಅವುಗಳಿಂದ ಗುರುತಿಸುತ್ತದೆ. ತಣ್ಣನೆಯ ಇಲಿ ಅದರ ಲೆಕ್ಕದಲ್ಲಿ ಊಟವೇ ಅಲ್ಲ. ಎರಡೂ ಸಲ ಮುಟ್ಟಲಿಲ್ಲ. ಎರಡೂ ಸಲ ತೆಗೆದು ಎಸೆದೆವು, ಮತ್ತೆ ಬಾಗಿಲು ಹಾಕಿದೆವು. ಫೆಬ್ರವರಿ ಮೊದಲ ವಾರ ಒಂದು ರಾತ್ರಿ ಕುಂಡದ ಬಾಯಿಯ ಹತ್ತಿರ ಇಲಿ ಇಟ್ಟು, ದೀಪ ಆರಿಸಿ, ಕೆಳಗೆ ಊಟಕ್ಕೆ ಹೋದೆವು. ವಾಪಸು ಬಂದಾಗ ಇಲಿ ಇರಲಿಲ್ಲ. ಅದು ತಿಂದದ್ದನ್ನು ನಾವು ನೋಡಲಿಲ್ಲ. ಎರಡು ದಿನ ಮುಟ್ಟಲೂ ಇಲ್ಲ, ಉಂಡ ಹಾವನ್ನು ಎತ್ತಿ ಆಡಿಸಿದರೆ ಮತ್ತೆ ಕಕ್ಕುತ್ತದೆ.

ಅಂದು ಇಲಿ ಇಡುವ ಮುಂಚೆ ತೂಕ ನೋಡಿದ್ದೆವು. 296 ಗ್ರಾಂ. ವೈದ್ಯೆಯ ಹತ್ತಿರ ಹೋದ ದಿನದಿಂದ ಏಳು ವಾರ ಕಳೆದಿತ್ತು. ಇಳಿದದ್ದು 14 ಗ್ರಾಂ. ಆ ಏಳು ವಾರದಲ್ಲಿ ಹುಡುಗ ಇಳಿದದ್ದು ಮೂರು ಕೆಜಿ.

ಈಗ ನನ್ನ ವಿರುದ್ಧ ಬರುವ ಮಾತುಗಳಿಗೆ ಬರೋಣ. ‘ಹಾಗಾದರೆ ಹಾವು ತಿನ್ನದಿದ್ದರೆ ಚಿಂತೆಯೇ ಮಾಡಬಾರದೇ?’ ಮಾಡಬೇಕು, ಆದರೆ ಕಣ್ಣಳತೆಯಲ್ಲಿ ಅಲ್ಲ, ತಕ್ಕಡಿಯಲ್ಲಿ. ವಾರಕ್ಕೊಮ್ಮೆ ತೂಕ ಬರೆದಿಡಿ. ಹತ್ತನೇ ಒಂದು ಭಾಗ ಇಳಿದಿದ್ದರೆ, ಉಸಿರಾಡುವಾಗ ಸದ್ದು ಬಂದರೆ, ಬಾಯಿ ತೆರೆದುಕೊಂಡೇ ಇದ್ದರೆ, ಮೂಗು ಬಾಯಲ್ಲಿ ಲೋಳೆ ಕಂಡರೆ, ಪೊರೆಯ ಸಂದಿಯಲ್ಲಿ ಉಣ್ಣೆ ಹುಳ ಕಂಡರೆ, ಹಾವು ಬಲ್ಲ ವೈದ್ಯರ ಹತ್ತಿರ ಹೋಗಿ. ಹುಟ್ಟಿದಾಗಿನಿಂದ ಒಮ್ಮೆಯೂ ತಿನ್ನದ ಮರಿಯಾದರೆ ಬೇಗ ಹೋಗಿ, ಅದರ ಮೈಯಲ್ಲಿ ಕೂಡಿಟ್ಟದ್ದು ಕಡಿಮೆ. ಬಾಯಿಗೆ ತುರುಕುವ ಕೆಲಸ ಏನಾದರೂ ಬೇಕಿದ್ದರೆ ಅದು ವೈದ್ಯರದ್ದು. ಫೋನಿನಲ್ಲಿ ಮಾರಾಟಗಾರ ಹೇಳಿಕೊಡುವಂಥದ್ದಲ್ಲ.

‘ತಿನ್ನದಿದ್ದರೆ ಯಾವುದಾದರೂ ಬೆಟ್ಟಕ್ಕೆ ಬಿಟ್ಟು ಬಂದರಾಯಿತು’ ಎನ್ನುವ ದಯಾಳುಗಳೂ ಇದ್ದಾರೆ. ಘಾನಾದ ಹಾವಿಗೆ ಸಿಂಹಗಡ ಕಾಡಲ್ಲ. ಒಂದೋ ಅದು ಸಾಯುತ್ತದೆ, ಇಲ್ಲವೇ ತನ್ನ ರೋಗವನ್ನು ಇಲ್ಲಿಯ ಹಾವುಗಳಿಗೆ ಕೊಟ್ಟು ಸಾಯುತ್ತದೆ. ಇನ್ನು ಕೆಲವರು ‘ವಿದೇಶಿ ಯಾಕೆ, ನಮ್ಮ ಹಾವನ್ನೇ ಸಾಕಬಹುದಲ್ಲ’ ಎನ್ನುತ್ತಾರೆ. ಕೂಡದು. ನಮ್ಮ ಹೆಬ್ಬಾವು, ನಾಗರಹಾವು, ಕೇರೆ ಯಾವುದನ್ನು ಹಿಡಿದಿಟ್ಟುಕೊಂಡರೂ 1972ರ ಕಾಯ್ದೆಯಂತೆ ಅಪರಾಧ, ಜೈಲಿಗೆ ಹೋಗುವಂಥ ಅಪರಾಧ. ವಿದೇಶಿ ಹಾವೂ ಈಗ ಕಾನೂನಿನ ಹೊರಗಿಲ್ಲ. ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ, ಅದರ ಮೇಲೆ 2024ರಲ್ಲಿ ಬಂದ ನಿಯಮಗಳ ಪ್ರಕಾರ ಬಾಲ್ ಪೈಥಾನಿನಂಥ ಪ್ರಾಣಿಗಳನ್ನು ಇಟ್ಟುಕೊಂಡವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ನಮಗೆ ಮಾರಿದವನು ‘ಕಾಗದ ಆಮೇಲೆ ಕೊಡುತ್ತೇನೆ’ ಎಂದಿದ್ದ. ಆ ಕಾಗದದ ಹಿಂದೆ ಹುಡುಗ ತಿರುಗಾಡಿದ ಕಥೆ ಇನ್ನೊಂದು ಲೇಖನಕ್ಕಾಗುತ್ತದೆ.

‘ನೀವು ಹಾವು ಇಟ್ಟುಕೊಂಡು ಇಡಬೇಡಿ ಎಂದು ನಮಗೆ ಬೋಧಿಸುತ್ತೀರಲ್ಲ’ ಎಂಬ ಮಾತೂ ಬರುತ್ತದೆ. ಬರಲಿ. ತಪ್ಪು ಮಾಡದವರು ಮಾತ್ರ ಮಾತಾಡಬೇಕು ಎಂದರೆ ಮಾತಾಡುವವರೇ ಉಳಿಯುವುದಿಲ್ಲ. ಕೇಳಿ. ಬಾಲ್ ಪೈಥಾನ್ ಸರಿಯಾಗಿ ನೋಡಿಕೊಂಡರೆ 30 ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಪ್ರಾಣಿಸಂಗ್ರಹಾಲಯದಲ್ಲಿ ಒಂದು ಹೆಣ್ಣು 2020ರಲ್ಲಿ ಏಳು ಮೊಟ್ಟೆ ಇಟ್ಟಿತು, ಆಗ ಅದಕ್ಕೆ 60 ದಾಟಿತ್ತು. ಇತ್ತ ನಮ್ಮ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಮುಂದಿನ ವರ್ಷ ನಾವು ಯಾವ ಊರಿನಲ್ಲಿರುತ್ತೇವೆ ಎಂದು ನಮಗೇ ಗೊತ್ತಿಲ್ಲ. ಕಂಪನಿ ಹೈದರಾಬಾದಿಗೆ ಹೋಗು ಎಂದರೆ ಹೋಗುತ್ತೇವೆ, ವೀಸಾ ಬಂದರೆ ಹಾರುತ್ತೇವೆ, ಮದುವೆಯಾದರೆ ಬಂದವರು ‘ಹಾವೋ ನಾನೋ’ ಎನ್ನುತ್ತಾರೆ. ಹನ್ನೊಂದು ತಿಂಗಳ ಮನೆಯಲ್ಲಿ ಮೂವತ್ತು ವರ್ಷದ ಜೀವವನ್ನು ತಂದಿಡುವುದಕ್ಕೆ ನನ್ನ ಪ್ರಕಾರ ಹೆಸರು ಪ್ರೀತಿಯಲ್ಲ. ನಮ್ಮ ಒಂಟಿತನಕ್ಕೆ ಇನ್ನೊಂದು ಜೀವವನ್ನು ಊರು ಬಿಡಿಸುವುದು ಅದು. ಊರು ಬಿಟ್ಟ ಮೊದಲ ತಿಂಗಳು ಅನ್ನ ಸೇರದ ಅನುಭವ ನಮ್ಮಲ್ಲಿ ಯಾರಿಗಿಲ್ಲ? ನಾವಾದರೂ ಬಸ್ಸು ಹತ್ತಿ ಬಂದವರು, ನಮ್ಮ ಇಚ್ಛೆಯಿಂದ. ಆಗ ಮೆಸ್ಸಿನವನು ನಮ್ಮ ಬಾಯಿ ಬಿಡಿಸಿ ಚಪಾತಿ ತುರುಕಿದ್ದರೆ?

ಆದ್ದರಿಂದ ನನ್ನ ಮಾತು ಎರಡೇ. ಹಾವು ತರಬೇಕು ಎಂದುಕೊಂಡಿದ್ದರೆ ತರಬೇಡಿ. ಹಾವು ಇಷ್ಟವೆಂದರೆ ಪುಣೆಯವರಿಗೆ ಕಾತ್ರಜದಲ್ಲಿ, ಚೆನ್ನೈಯವರಿಗೆ ಗಿಂಡಿಯಲ್ಲಿ ಸರ್ಪೋದ್ಯಾನಗಳಿವೆ, ಹೋಗಿ ನೋಡಿ. ಮಳೆಗಾಲದಲ್ಲಿ ಊರಿಗೆ ಹೋದಾಗ ತೋಟದ ಬದುವಿನಲ್ಲಿ ಕೇರೆ ಹರಿಯುವುದನ್ನು ದೂರದಿಂದ ನೋಡಿ, ಟಿಕೆಟ್ಟೂ ಬೇಡ. ಆಗಲೇ ತಂದುಬಿಟ್ಟಿದ್ದರೆ, ಇವತ್ತು ರಾತ್ರಿ ಅದು ತಿನ್ನದೆ ಕೂತಿದ್ದರೆ, ಇಲಿಯನ್ನು ಹೊರಗೆ ತೆಗೆಯಿರಿ. ಬಿಸಿ ಸರಿಯಿದೆಯೇ, ಅಡಗಲು ಎರಡು ಕಡೆ ಜಾಗ ಇದೆಯೇ, ನೀರಿದೆಯೇ, ಇಷ್ಟು ನೋಡಿ. ಗಾಜಿಗೆ ಪೇಪರ್ ಅಂಟಿಸಿ. ದೀಪ ಆರಿಸಿ, ಬಾಗಿಲು ಹಾಕಿ. ಒಂದು ವಾರ ಆ ಕಡೆ ಹೋಗಬೇಡಿ, ನೀರು ಬದಲಿಸುವುದಕ್ಕೆ ಬಿಟ್ಟರೆ. ಕೈ ಸುಮ್ಮನಿರದಿದ್ದರೆ ಅಮ್ಮನಿಗೆ ಫೋನ್ ಮಾಡಿ, ‘ಊಟ ಆಯ್ತಾ?’ ಎಂದು ಅವಳನ್ನು ಕೇಳಿ. ಆ ಪ್ರಶ್ನೆ ಕೇಳಿಸಿಕೊಳ್ಳಬೇಕಾದವಳು ಅವಳು, ಹಾವಲ್ಲ.

ನಮ್ಮ ಹಾವು ಈಗ ಹತ್ತು ಹದಿನೈದು ದಿನಕ್ಕೊಮ್ಮೆ ತಿನ್ನುತ್ತದೆ. ಕೆಲವೊಮ್ಮೆ ಬಿಡುತ್ತದೆ. ಹುಡುಗ ತೂಕ ಬರೆದಿಡುತ್ತಾನೆ, ತಿವಿಯುವುದಿಲ್ಲ. ಬರುವ ನವೆಂಬರಿಗೆ ನಮ್ಮ ಕರಾರು ಮುಗಿಯುತ್ತದೆ. ಹಾವಿದೆ ಎಂದು ಮೊದಲೇ ಹೇಳಿಯೇ ಮನೆ ಹುಡುಕುತ್ತಿದ್ದೇವೆ, ಇಲ್ಲಿಯವರೆಗೆ ನಾಲ್ವರು ಮಾಲೀಕರು ಇಲ್ಲ ಎಂದಿದ್ದಾರೆ.